ಓದು ಕಲಿಸುವುದರಲ್ಲಿ ದಯೆಯೂ ಪರೀಕ್ಷೆಯೂ

ಎಳೆಯ ಮಕ್ಕಳಿಗೆ ಓದು ಕಲಿಸುವುದು ಉಪಾಧ್ಯಾಯರ ಕಸಬಿಗೆ ಸೇರಿದ ಒಂದು ಸಣ್ಣ ವಿಷಯವೆಂದೂ, ಅದರಲ್ಲಿ ಧರ್ಮಾಧರ್ಮಗಳ ವಿಚಾರಕ್ಕೆ ಎಡೆಯಿಲ್ಲವೆಂದೂ ಅನೇಕರು ಭಾವಿಸುವುದುಂಟು. ಯಾವ ಕ್ರಮದಿಂದಾದರೂ ಮಗು ಓದುವಂತಾದರೆ ಸಾಕು, ಕ್ರಮವನ್ನು ಕುರಿತು ಇಷ್ಟು ಚರ್ಚೆಯೇಕೆ ಎನ್ನುವವರೂ ಇದ್ದಾರೆ. ಆದರೆ ಕ್ರಮವು ತಪ್ಪಿದಾಗ ಅದರ ಫಲವನ್ನು ಉಣ್ಣತಕ್ಕವರು ಯಾರು ಎಂದು ಆಲೋಚಿಸಿದರೆ ಈ ಉದಾಸೀನವು ನಿಲ್ಲದು. ವೈದ್ಯನ ಔಷಧವು ಹಿಡಿಯದಿದ್ದರೆ ರೋಗಿಯು ವೈದ್ಯನನ್ನು ದೂರುತ್ತಾನೆ. ಓದು ಹತ್ತದ ಮಗು ಉಪಾಧ್ಯಾಯನನ್ನು ದೂರುವುದಿಲ್ಲ. ತಾನೇ ದಡ್ಡನೆಂದು ನಂಬುತ್ತದೆ. ತಾಯಿತಂದೆಗಳೂ ಹಾಗೆಯೇ ನಂಬುತ್ತಾರೆ. ಹೀಗಿರುವಲ್ಲಿ, ಕಲಿಸುವವನಿಗೆ ಒಳ್ಳೆಯ ಮನಸ್ಸಿದ್ದ ಮಾತ್ರಕ್ಕೆ ಅವನ ಕರ್ತವ್ಯವು ತೀರಿತೇ ಎಂಬುದು ವಿಚಾರಣೀಯವಾದ ಪ್ರಶ್ನೆ.

ಇದಕ್ಕೆ ಅಮೆರಿಕಾ ದೇಶದ ಚರಿತ್ರೆಯು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ವಿದ್ಯಾಮಂಡಲಿಗೆ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನ್ ಎಂಬುವರು 1840ರ ದಶಕದಲ್ಲಿ, ಮಕ್ಕಳಿಗೆ ಮೊದಲು ಅಕ್ಷರಗಳನ್ನು ಕಲಿಸುವುದು ನಿರ್ಜೀವವಾದ ಪದ್ಧತಿಯೆಂದೂ, ಅರ್ಥವುಳ್ಳ ಇಡೀ ಪದಗಳಿಂದಲೇ ಪಾಠವು ಆರಂಭವಾಗಬೇಕೆಂದೂ ವಾದಿಸಿದರು. ಮಕ್ಕಳ ಬೇಸರವನ್ನು ಕಂಡು ಮರುಗಿದ ಹೃದಯದ ವಾದವದು. ಮುಂದೆ 1967ರಲ್ಲಿ ಕೆನೆತ್ ಗುಡ್‌ಮನ್ ಎಂಬ ಪಂಡಿತರು ಈ ಭಾವಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟರು. ಬಲ್ಲ ಓದುಗನು ಒಂದೊಂದು ಅಕ್ಷರವನ್ನೂ ನೋಡುವುದಿಲ್ಲ, ಸಂದರ್ಭದಿಂದ ಊಹಿಸಿಕೊಂಡು ಮುಂದೆ ಸಾಗುತ್ತಾನೆ. ಆದುದರಿಂದ ಮಗುವಿಗೂ ಊಹಿಸುವುದನ್ನು ಕಲಿಸಿರಿ ಎಂಬುದು ಅದರ ಸಾರ. ಚಿತ್ರವನ್ನು ನೋಡು, ಮೊದಲನೆಯ ಅಕ್ಷರವನ್ನು ನೋಡು, ಇಲ್ಲಿ ಯಾವ ಪದ ಹೊಂದೀತೆಂದು ಯೋಚಿಸು ಎಂದು ಸಾವಿರಾರು ಶಾಲೆಗಳಲ್ಲಿ ಬೋಧಿಸಿದರು.

ಇದು ಕೇಳುವುದಕ್ಕೆ ಎಷ್ಟು ಹಿತವಾಗಿದೆ! 1970ರ ದಶಕದಲ್ಲಿ ಕೀತ್ ಸ್ಟಾನೊವಿಚ್, ರಿಚರ್ಡ್ ವೆಸ್ಟ್ ಎಂಬ ಇಬ್ಬರು ತರುಣ ವಿದ್ವಾಂಸರು ಈ ಮತವನ್ನು ಪರೀಕ್ಷೆಗೆ ಒಡ್ಡಿದರು. ಅವರ ಒಲವಾದರೋ ಆ ಮತದ ಕಡೆಗೇ ಇದ್ದಿತು. ಅದು ನಿಜವಾಗಿದ್ದಲ್ಲಿ, ಚೆನ್ನಾಗಿ ಓದುವವರೇ ಸಂದರ್ಭವನ್ನು ಹೆಚ್ಚಾಗಿ ಆಶ್ರಯಿಸಬೇಕಾಗಿತ್ತು. ಕಂಡುಬಂದದ್ದು ಇದಕ್ಕೆ ವಿರುದ್ಧ. ಪದವನ್ನು ಗುರುತಿಸಲು ಸಂದರ್ಭದ ಊರುಗೋಲನ್ನು ಹಿಡಿಯುವವರು ಓದು ಹತ್ತದವರು. ಬಲ್ಲವರಿಗೆ ಅಕ್ಷರಗಳು ಎಷ್ಟು ಬೇಗ ಒದಗುತ್ತವೆಯೆಂದರೆ ಊಹಿಸುವ ಅವಶ್ಯವೇ ಬೀಳುವುದಿಲ್ಲ. ತಮಗೆ ಪ್ರಿಯವಾದ ಮತವು ತಮ್ಮ ಕೈಯಲ್ಲಿಯೇ ಮುರಿದುದನ್ನು ಇವರು ಮುಚ್ಚಿಡದೆ ಪ್ರಕಟಿಸಿದರು. ಜೀನ್ ಚಾಲ್ ಎಂಬ ವಿದುಷಿಯು ಹಿಂದಿನ ಪರೀಕ್ಷೆಗಳನ್ನೆಲ್ಲ ತೂಗಿ ನೋಡಿ, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಆರಂಭದಲ್ಲಿಯೇ ಬಿಡಿಸಿ ಕಲಿಸುವುದು ಮೇಲೆಂದು 1967ರಲ್ಲಿಯೇ ಬರೆದಿದ್ದರು. ಅಮೆರಿಕಾದ ರಾಷ್ಟ್ರೀಯ ಸಮಿತಿಯು 2000ದಲ್ಲಿ ಅದನ್ನೇ ಹೇಳಿತು. ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿಯ ತರುವಾಯ ಈ ಕ್ರಮವು ಶಾಲೆಗಳಲ್ಲಿ ನೆಲೆಗೊಂಡಿತು. ಅಲ್ಲಿ 2012ರಲ್ಲಿ ಮೊದಲಾದ ಪರೀಕ್ಷೆಯ 40 ಪದಗಳಲ್ಲಿ ಅರ್ಧದಷ್ಟಕ್ಕೆ ಅರ್ಥವೇ ಇಲ್ಲ. ಇದನ್ನು ಕಂಡು ನಗುವವರುಂಟು. ಆದರೆ ಅರ್ಥವಿಲ್ಲದ ಪದವನ್ನು ಯಾರೂ ಊಹಿಸಲಾರರಷ್ಟೆ!

ಇಷ್ಟು ಕಾಲ ಸಜ್ಜನರು ಭ್ರಾಂತಿಯಲ್ಲಿದ್ದುದಕ್ಕೆ ಕಾರಣವೇನು? ಕೆರೆಯ ಕೆಳಗಿನ ಗದ್ದೆಯನ್ನು ಯಾರು ಉತ್ತರೂ ಬೆಳೆಯಾಗುತ್ತದೆ. ಒಕ್ಕಲಿಗನ ಜಾಣ್ಮೆ ಗೊತ್ತಾಗುವುದು ಬೆದ್ದಲಿನಲ್ಲಿ. ಮನೆಯಲ್ಲಿ ಪುಸ್ತಕಗಳಿದ್ದು, ಸಂಜೆಯ ಹೊತ್ತು ತೊಡೆಯ ಮೇಲೆ ಕೂಡಿಸಿಕೊಂಡು ಓದಿ ಹೇಳುವವರಿದ್ದರೆ, ಮಗು ಯಾವ ಪದ್ಧತಿಯಲ್ಲಿಯಾದರೂ ಕಲಿತೀತು. ಶಾಲೆಯು ಆ ಮಗುವನ್ನು ತೋರಿಸಿ ತನ್ನ ಪದ್ಧತಿಯನ್ನು ಮೆಚ್ಚಿಕೊಳ್ಳುತ್ತದೆ. ಅಕ್ಷರದ ಗುಟ್ಟನ್ನು ಶಾಲೆಯಲ್ಲಲ್ಲದೆ ಬೇರೆಲ್ಲಿಯೂ ಪಡೆಯಲಾರದ ಮಗುವಾದರೋ, ಊಹಿಸು ಎಂದಾಗ ಯಾವುದನ್ನು ಹಿಡಿದು ಊಹಿಸೀತು? ಮೊದಲನೆಯ ವರ್ಷ ಹಿಂದೆ ಬಿದ್ದವನು ಕಡಮೆ ಓದುತ್ತಾನೆ. ಕಡಮೆ ಓದಿದವನಿಗೆ ಪದಸಂಪತ್ತು ಬೆಳೆಯದು. ಪದಸಂಪತ್ತಿಲ್ಲದವನಿಗೆ ಮುಂದಿನ ಪಾಠವು ಮತ್ತಷ್ಟು ಕಠಿನ. ಕಷ್ಟವನ್ನು ತಪ್ಪಿಸಬೇಕೆಂದು ಹೊರಟ ದಯೆಯು, ಯಾರ ಮೇಲೆ ಹೆಚ್ಚು ದಯೆ ತೋರಬೇಕಾಗಿತ್ತೋ ಅವರನ್ನೇ ಕೈಬಿಟ್ಟಿತು.

ಮಕ್ಕಳೇನು ಪ್ರಯೋಗಶಾಲೆಯ ಕಪ್ಪೆಗಳೇ, ಅವರ ಮೇಲೆ ಪರೀಕ್ಷೆ ನಡೆಸುವುದು ಯುಕ್ತವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪವು ಗೌರವಕ್ಕೆ ಅರ್ಹವಾದದ್ದೇ. ಆದರೆ ಪರೀಕ್ಷಿಸದ ಪದ್ಧತಿಯೂ ಒಂದು ಪ್ರಯೋಗವೇ ಅಲ್ಲವೆ? ಭೇದವಿಷ್ಟೆ: ಇದರ ಫಲವನ್ನು ಯಾರೂ ಬರೆದಿಡುವುದಿಲ್ಲ, ಸೋತ ಮಕ್ಕಳನ್ನು ಎಣಿಸುವವರಿಲ್ಲ. ಇಪ್ಪತ್ತು ವರ್ಷ ಹೀಗೆಯೇ ಕಲಿಸಿದ್ದೇನೆ ಎಂಬ ಉಪಾಧ್ಯಾಯರ ಅನುಭವವು ಬೆಲೆಯುಳ್ಳದ್ದು. ಆದರೆ ಆ ಅನುಭವದಲ್ಲಿ ಬೇರೆ ದಾರಿಯಿಂದ ಕಲಿತಿದ್ದರೆ ಏನಾಗುತ್ತಿತ್ತೆಂಬುದು ಸೇರಿರುವುದಿಲ್ಲ. ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆಯುವುದು ಮಗುವಿಗೆ ಅವಮಾನವಲ್ಲ. ಅದರ ಕಾಲವು ಅಮೂಲ್ಯವೆಂದು ಒಪ್ಪಿಕೊಳ್ಳುವ ಬಗೆ.

ಹಾಗೆಂದು ಇಂಗ್ಲಿಷಿನ ಸಿದ್ಧಾಂತಗಳನ್ನು ಇದ್ದಂತೆಯೇ ತಂದು ಕನ್ನಡಕ್ಕೆ ಹೊದಿಸುವುದೂ ಅವಿವೇಕವೇ. ಇಂಗ್ಲಿಷಿನ ಕಾಗುಣಿತವು ಲೋಕಕ್ಕೆಲ್ಲ ಮಾದರಿಯಲ್ಲ. ಯೂರೋಪಿನ 13 ಭಾಷೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಕಲಿಕೆಯ ಕೊನೆಗೆ ಫಿನ್‌ಲೆಂಡ್, ಗ್ರೀಸ್, ಜರ್ಮನಿಗಳ ಮಕ್ಕಳು ಪರಿಚಿತ ಪದಗಳಲ್ಲಿ ಶೇಕಡ 90ಕ್ಕೆ ಮೇಲ್ಪಟ್ಟು ಸರಿಯಾಗಿ ಓದಿದರೆ, ಇಂಗ್ಲಿಷ್ ಕಲಿಯುವ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು ಶೇಕಡ 34ರಷ್ಟು ಮಾತ್ರ. ನಮ್ಮ ಲಿಪಿಯ ಕಷ್ಟವು ಬೇರೆ ತೆರನಾದದ್ದು. ಬರೆದಂತೆ ಉಚ್ಚರಿಸುವ ಸೌಕರ್ಯವು ನಮಗುಂಟು; ಆದರೆ ಇಂಗ್ಲಿಷಿಗೆ 26 ಅಕ್ಷರಗಳಿದ್ದರೆ, ನಮ್ಮ 34 ವ್ಯಂಜನಗಳ ಗುಣಿತಾಕ್ಷರಗಳೇ 400ನ್ನು ಮೀರುತ್ತವೆ; ಒತ್ತಕ್ಷರಗಳು ಅದಕ್ಕೂ ಹೊರಗೆ. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಈ ಅಕ್ಷರಗಳ ಪೂರ್ಣ ಪರಿಚಯವು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ತಿಳಿಯುತ್ತದೆ. ‘ಧರ್ಮ’ ಎಂಬ ಪದವನ್ನೇ ನೋಡಬಹುದು. ಬಾಯಲ್ಲಿ ರೇಫವು ಮಕಾರಕ್ಕೆ ಮುಂದಾಗಿ ಬರುತ್ತದೆ. ಕಾಗದದ ಮೇಲೆ ಹಿಂದಾಗಿ ನಿಲ್ಲುತ್ತದೆ. ‘ಧಮ್ರ’ ಎಂದು ಓದುವ ಮಗುವು ಕಣ್ಣಿಗೆ ಕಂಡ ಸಾಲಿನಂತೆ ನ್ಯಾಯವಾಗಿಯೇ ಓದಿದೆ. ಅದನ್ನು ಗದರಿಸುವುದಕ್ಕೆ ಮೊದಲು, ಇದೊಂದು ಕಡೆ ಲಿಪಿಯ ಸಾಲು ಬೇರೆ, ಧ್ವನಿಯ ಸಾಲು ಬೇರೆ ಎಂದು ಅದಕ್ಕೆ ಯಾರಾದರೂ ಹೇಳಿದ್ದರೇ?

ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ಒಂದೊಂದು ಗುರುತಿಗೂ ಹೆಸರಿಟ್ಟು ಕಾಗುಣಿತವನ್ನು ಹೇಳಿಕೊಟ್ಟ ನಮ್ಮ ಹಿರಿಯರ ಪದ್ಧತಿಯಲ್ಲಿ ಧ್ವನಿಗೂ ಗುರುತಿಗೂ ಗಂಟು ಹಾಕುವ ತತ್ತ್ವವು ಅಡಗಿದೆ. ಇಷ್ಟರಿಂದಲೇ ಬೀಗಬೇಕಾದುದಿಲ್ಲ. ರಾಗವಾಗಿ ಒಪ್ಪಿಸುವ ಮಗುವಿನ ಬೆರಳು ಎಷ್ಟೋ ವೇಳೆ ಬೇರೊಂದು ಅಕ್ಷರದ ಮೇಲಿರುತ್ತದೆ. ಕ್ರಮದ ವಿಷಯದಲ್ಲಿಯೂ ಹೀಗೆಯೇ. ನಮ್ಮ ವರ್ಣಮಾಲೆಯು ಉಚ್ಚಾರಣಸ್ಥಾನಗಳನ್ನು ಅನುಸರಿಸಿದ ಶಾಸ್ತ್ರೀಯವಾದ ವರ್ಗೀಕರಣ, ಸಂದೇಹವಿಲ್ಲ. ಆದರೆ ಅ ಆ ಇ ಈ ಉ ಎಂಬ ಐದನ್ನು ಕಲಿತ ಮಗು ‘ಆ’, ‘ಈ’ ಎಂದು ಬೆರಳು ತೋರಬಹುದೇ ಹೊರತು ಒಂದು ವಸ್ತುವಿನ ಹೆಸರನ್ನೂ ಓದಲಾರದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ರ ಗ ಸ ದ ಅ ಎಂದು ಮೊದಲುಮಾಡುತ್ತದೆ. ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ಪೂರ್ವಿಕರ ಕ್ರಮವನ್ನು ಕೆಡಿಸಿದರೆಂದು ಗೃಹಸ್ಥರು ಮುನಿಯುವುದುಂಟು. ಶಾಸ್ತ್ರದ ಕ್ರಮ ಬೇರೆ, ಶಿಕ್ಷಣದ ಕ್ರಮ ಬೇರೆ ಎಂಬುದನ್ನು ಅವರು ನೆನೆಯುವುದಿಲ್ಲ. ಹೊಸದೆಂಬ ಕಾರಣಕ್ಕೆ ಇದನ್ನು ಮೆಚ್ಚತಕ್ಕದ್ದೂ ಅಲ್ಲ. ಮಕ್ಕಳು ಬೇಗ ಓದುವರೋ ಇಲ್ಲವೋ ಎಂಬುದೊಂದೇ ಒರೆಗಲ್ಲು.

ಇನ್ನೊಂದು ಮಾತುಂಟು. ಅಕ್ಷರಗಳನ್ನು ಬಿಡಿಸುವ ಶಕ್ತಿ, ಕೇಳಿದ ಭಾಷೆಯನ್ನು ತಿಳಿಯುವ ಶಕ್ತಿ ಇವೆರಡರ ಗುಣಲಬ್ಧವೇ ಓದೆಂದು ಗಫ್ ಮತ್ತು ಟನ್ಮರ್ ಎಂಬುವರು 1986ರಲ್ಲಿ ಹೇಳಿದರು. ಕೂಡಿಸಿದ ಮೊತ್ತವಲ್ಲ, ಗುಣಿಸಿದ ಲಬ್ಧ. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಆಡುವ ಮಗುವು ಕನ್ನಡದ ಪುಟವನ್ನು ಒಂದು ತಪ್ಪೂ ಇಲ್ಲದೆ ಗಟ್ಟಿಯಾಗಿ ಓದಿ, ಓದಿದ್ದೇನೆಂದು ಕೇಳಿದರೆ ಸುಮ್ಮನೆ ನಿಲ್ಲುವುದುಂಟು. ಅಂಥ ಮಗುವಿಗೆ ಅಕ್ಷರದ ಪಾಠವನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಕಥೆ, ಮಾತುಕತೆ, ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳುವ ಅವಕಾಶ, ಮತ್ತು ಆ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವಷ್ಟಾದರೂ ಅದರ ಮನೆಮಾತನ್ನು ಕಲಿತ ಉಪಾಧ್ಯಾಯ.