ಉಪಕರಣ ವಿವೇಕ

ಒಂದು ಚಟವನ್ನು ಅಚ್ಚುಕಟ್ಟಾಗಿ ನಡೆಸಿದ ಮಾತ್ರಕ್ಕೆ ಅದು ಸಂಸ್ಕಾರವೆನಿಸಿಕೊಳ್ಳುವುದೆ? ಈ ಪ್ರಶ್ನೆಯು ನಮ್ಮ ಊರಿಗೆ ಹೊಸದಲ್ಲ. ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಅಜ್ಜಂದಿರ ಕೈಗೆಟುಕುವಂತೆ ನಶ್ಯದ ಡಬ್ಬಿಯೂ ಅಡಕತ್ತರಿಯೂ ಇರುತ್ತಿದ್ದುವು. ಈಗ ಪರದೇಶದಿಂದ ಬಂದ ಮಗನ ಮೇಜಿನ ಮೇಲೆ ಸಿಗಾರಿನ ಪೆಟ್ಟಿಗೆ, ಅದರ ತುದಿ ಕತ್ತರಿಸುವ ಸಾಧನ, ಬೂದಿಯ ತಟ್ಟೆ ಇವು ಕಾಣಿಸಿಕೊಂಡಿವೆ. ಹಿರಿಯರು ಹೊಗೆಯನ್ನು ಕಂಡು ಮುಖ ಸಿಂಡರಿಸುವರು. ಕಿರಿಯರು ಉಪಕರಣಗಳ ಅಂದವನ್ನು ತೋರಿಸಿ, ಇದೂ ಒಂದು ರಸಿಕತೆಯೆನ್ನುವರು. ಇಬ್ಬರ ಮಾತನ್ನೂ ತೂಗಿ ನೋಡಬೇಕಾಗಿದೆ.

ಮೊದಲು ಆ ರಸಿಕತೆಯ ಸ್ವರೂಪವನ್ನು ತಿಳಿಯೋಣ. ಸಿಗಾರೆಂಬುದು ಎಲೆಯೊಳಗೆ ಎಲೆಯನ್ನಿಟ್ಟು ಸುತ್ತಿದ ಸುರುಳಿ. ಒಳಗಿನ ಎಲೆಗಳನ್ನು ಹೆಚ್ಚಾಗಿ ತುರುಕಿದ್ದರೆ, ಅಥವಾ ಸುತ್ತುವಾಗ ಅವು ತಿರುಚಿಕೊಂಡಿದ್ದರೆ, ಎಷ್ಟು ಸೆಳೆದರೂ ಹೊಗೆ ಬಾರದು. ತೇವ ಹೆಚ್ಚಾದರೂ ಎಲೆಯುಬ್ಬಿ ದಾರಿ ಮುಚ್ಚುವುದು. ಆದುದರಿಂದಲೇ ಅದನ್ನಿಡುವ ಪೆಟ್ಟಿಗೆಯಲ್ಲಿ ಗಾಳಿಯ ತೇವವು ನೂರಕ್ಕೆ 65ರಿಂದ 70ರೊಳಗೆ ಇರಬೇಕೆನ್ನುವರು. ದಾರಿ ಕಟ್ಟಿದಾಗ ಬಲ್ಲವರು ಬಲವಾಗಿ ಸೆಳೆಯುವುದಿಲ್ಲ. ಅದನ್ನು ಒಂದೆರಡು ದಿನ ಹೊರಗಿರಿಸಿ ಆರಲು ಬಿಡುವರು. ಬೆರಳುಗಳ ನಡುವೆ ಮೆಲ್ಲನೆ ಹೊರಳಿಸಿ ಗಂಟನ್ನು ಸಡಿಲಿಸುವರು. ತುದಿಯನ್ನು ಕೂದಲೆಳೆಯಷ್ಟು ಇನ್ನೂ ಕತ್ತರಿಸುವರು. ಕೊನೆಗೆ ಸಣ್ಣ ಕಡ್ಡಿಯಿಂದ ನಡುವೆ ದಾರಿ ಮಾಡುವರು. ಆತುರಪಟ್ಟು ಹಿಸುಕಿದರೆ ಮೇಲಿನ ಎಲೆ ಒಡೆದು ಎಲ್ಲವೂ ವ್ಯರ್ಥ. ಇದರಲ್ಲಿ ತಾಳ್ಮೆಯಿದೆ, ಜಾಣ್ಮೆಯಿದೆ, ಇಲ್ಲವೆನ್ನಲಾಗದು.

ಸಂಸ್ಕೃತವನ್ನು ಓದಿದವರಿಗೆ ಇಲ್ಲೊಂದು ಪ್ರಸಂಗವು ನೆನಪಿಗೆ ಬರಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮಪಾನದ ವಿಧಿಯುಂಟು. ಅದು ಹೊಗೆಸೊಪ್ಪಿನದಲ್ಲ, ಔಷಧ ದ್ರವ್ಯಗಳದು. ಅರೆದ ದ್ರವ್ಯವನ್ನು ಜೊಂಡಿನ ಕಡ್ಡಿಯ ಮೇಲೆ ಲೇಪಿಸಿ, ಜವೆಗೋಧಿಯ ಆಕಾರದಲ್ಲಿ, ಹೆಬ್ಬೆರಳಿನ ದಪ್ಪಕ್ಕೆ, ಎಂಟು ಅಂಗುಲ ಉದ್ದಕ್ಕೆ ಬತ್ತಿಯನ್ನು ಮಾಡಬೇಕು. ಒಣಗಿದ ಮೇಲೆ ಕಡ್ಡಿಯನ್ನು ತೆಗೆಯಬೇಕು. ಒಳಗೆ ದಾರಿಯು ತಾನಾಗಿ ಉಳಿಯುವುದು. ಇಂದಿನವರು ಕಡ್ಡಿ ಚುಚ್ಚಿ ಪರಿಹರಿಸುವ ತೊಡಕು ಅಲ್ಲಿ ಹುಟ್ಟುವುದೇ ಇಲ್ಲ. ಸೇದುವ ನಳಿಕೆಯಾದರೂ ಪ್ರಯೋಜನಕ್ಕೆ ತಕ್ಕಂತೆ 24, 32, 36 ಅಂಗುಲಗಳದು. ಅದಕ್ಕೆ ಮೂರು ಗೆಣ್ಣು. ಹೊಗೆಯು ದೂರದಿಂದ ಬಂದು, ಗೆಣ್ಣುಗಳಲ್ಲಿ ತಡೆದು, ತೆಳುವಾಗಿ, ಇಂದ್ರಿಯಗಳನ್ನು ನೋಯಿಸದಿರಲೆಂಬುದೇ ಇದರ ಉದ್ದೇಶ. ನಿತ್ಯಸೇವನೆಯ ಧೂಮವನ್ನೂ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಸೇದಬಾರದೆಂದು ನಿಯಮ. ಮೀರಿದರೆ ಕಿವುಡು, ಕುರುಡು, ತಲೆಸುತ್ತು ಮೊದಲಾದ ಕೇಡುಗಳನ್ನು ಆಚಾರ್ಯರು ಎಣಿಸಿ ಹೇಳಿರುವರು. ಇಲ್ಲಿ ಉಪಕರಣವು ಆಸೆಗೆ ಕಟ್ಟಿದ ಕಟ್ಟೆ.

ಇನ್ನೊಂದು ನಳಿಕೆಯ ಕಥೆಯೂ ನಮ್ಮ ನಾಡಿನದೇ. ಇಬ್ರಾಹಿಂ ಆದಿಲ್‌ಶಾಹನು ಬಿಜಾಪುರವನ್ನು ಆಳುತ್ತಿದ್ದಾಗ, ಸುಮಾರು 1604ರಲ್ಲಿ, ಅಕ್ಬರನ ದೂತನಾದ ಅಸದ್ ಬೇಗನು ಅಲ್ಲಿಗೆ ಬಂದನು. ಉತ್ತರದಲ್ಲಿ ತಾನು ಎಂದೂ ಕಾಣದಿದ್ದ ಹೊಗೆಸೊಪ್ಪನ್ನು ಅಲ್ಲಿ ಕಂಡನು. ಅದನ್ನು ಬರಿಯ ಸೊಪ್ಪಾಗಿ ಒಯ್ಯಲಿಲ್ಲ. ಮೂರು ಮೊಳದ ನಳಿಕೆ, ಅದರ ಎರಡು ತುದಿಗೂ ರತ್ನ, ಬಾಯಿಗಿಡುವ ಕಡೆಗೆ ಯಮನ್ ದೇಶದ ಕೆಂಪು ಕಲ್ಲು, ಹೀಗೆ ಸಿಂಗರಿಸಿ ಬಾದಶಹನ ಮುಂದಿಟ್ಟನು. ವೈದ್ಯನು ಬೇಡವೆಂದನು. ಅಕ್ಬರನು ಕುತೂಹಲಕ್ಕೆ ಒಂದಿಷ್ಟು ಸೇದಿ ಬಿಟ್ಟನು, ಅಭ್ಯಾಸ ಮಾಡಿಕೊಳ್ಳಲಿಲ್ಲ. ಆದರೆ ಆಸ್ಥಾನದ ಅಮೀರರೆಲ್ಲ ತಮಗೂ ಬೇಕೆಂದರು. ವರ್ತಕರು ಮಾರಲು ತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದನಾದರೂ ಚಟವು ನಿಲ್ಲಲಿಲ್ಲ. ಸೊಪ್ಪು ಬರಿಗೈಯಲ್ಲಿ ಹೋಗಿದ್ದರೆ ಅಷ್ಟು ಬೇಗ ಆಸ್ಥಾನವನ್ನು ಗೆಲ್ಲುತ್ತಿತ್ತೋ ಇಲ್ಲವೋ! ಇಲ್ಲಿ ಉಪಕರಣವು ಆಸೆಗೆ ತೆರೆದ ಬಾಗಿಲು.

ಎರಡೂ ಉದ್ದನೆಯ ನಳಿಕೆಗಳೇ. ಒಂದು ಮಿತಿಗಾಗಿ ಉದ್ದವಾಯಿತು, ಇನ್ನೊಂದು ಮೆರೆತಕ್ಕಾಗಿ. ಭೇದವು ವಸ್ತುವಿನಲ್ಲಿಲ್ಲ, ಉದ್ದೇಶದಲ್ಲಿದೆ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: “ಹಾಗಾದರೆ ಅಂದವಾದ ಉಪಕರಣಗಳನ್ನು ಮಾಡಿದ ಕುಶಲಿಗಳೆಲ್ಲ ಪಾಪಿಗಳೆ? ಬೀದರಿನ ಬಿದ್ರಿ ಕೆಲಸಗಾರರು ಹುಕ್ಕದ ಬುರುಡೆಗಳನ್ನು ಮಾಡಿಯೇ ಹೆಸರಾಗಲಿಲ್ಲವೆ?” ಮಾತು ನಿಜ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಆ ಬುರುಡೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಆದರೆ ಗಮನಿಸಬೇಕು: ಹುಕ್ಕವು ಮನೆಗಳಿಂದ ಮರೆಯಾದರೂ ಬಿದ್ರಿಯು ಅಳಿಯಲಿಲ್ಲ, ಹೂದಾನಿಯಾಗಿ, ತಟ್ಟೆಯಾಗಿ ಬಾಳಿತು. 2024ರಲ್ಲಿ ಕರ್ಣಾಟಕ ಸರ್ಕಾರವು ಹುಕ್ಕವನ್ನೇ ನಿಷೇಧಿಸಿದರೂ ಆ ಕಲೆಗೆ ಕುಂದಾಗಲಿಲ್ಲ. ಕಲೆಗೆ ಚಟದ ಆಸರೆ ಬೇಕಿಲ್ಲ. ಚಟಕ್ಕೆ ಮಾತ್ರ ಕಲೆಯ ಆಸರೆ ಬೇಕು. ಸಿಗಾರಿನ ಹೊಗೆಯನ್ನು ನುಂಗದೆ ಬಾಯಲ್ಲಾಡಿಸಿ ಬಿಟ್ಟರೂ ಬಾಯಿ, ಗಂಟಲುಗಳಿಗೆ ಅರ್ಬುದರೋಗದ ಭಯ ತಪ್ಪದೆಂದು ಇಂದಿನ ವೈದ್ಯಶಾಸ್ತ್ರವು ನಿರ್ಣಯಿಸಿದೆ. ಪೆಟ್ಟಿಗೆ ಎಷ್ಟು ಸೊಗಸಾದರೂ ಆ ನಿರ್ಣಯವು ಬದಲಾಗದು.

ಆದುದರಿಂದ ಉಪಕರಣವನ್ನು ಆರಿಸುವವನು ತನ್ನನ್ನು ತಾನೇ ಕೇಳಿಕೊಳ್ಳತಕ್ಕುದು ಇಷ್ಟೆ: ಇದು ಬಂದ ಮೇಲೆ ನನ್ನ ಬಯಕೆ ತಗ್ಗಿತೋ ಹೆಚ್ಚಿತೋ? ಇದಿಲ್ಲದ ದಿನ ನಾನು ನೆಮ್ಮದಿಯಾಗಿರಬಲ್ಲೆನೋ ಇಲ್ಲವೋ? ಈ ಪ್ರಶ್ನೆಯು ಸಿಗಾರಿಗೆ ಮಾತ್ರವಲ್ಲ. ಅಜ್ಜನ ನಶ್ಯದ ಡಬ್ಬಿಗೂ, ನಮ್ಮೆಲ್ಲರ ಕಾಫಿಯ ಲೋಟಕ್ಕೂ ಸಲ್ಲುವುದು. ಹಿರಿಯರು ತಮ್ಮ ಡಬ್ಬಿಯನ್ನು ಮುಚ್ಚಿಟ್ಟು ಮಗನ ಪೆಟ್ಟಿಗೆಯನ್ನು ಹಳಿಯುವುದು ನ್ಯಾಯವಲ್ಲ.

ಕಿರಿಯರಿಗೂ ಒಂದು ಮಾತು. ಕಟ್ಟಿಕೊಂಡ ಎಲೆಸುರುಳಿಯನ್ನು ಎರಡು ದಿನ ಕಾದು, ಮೆಲ್ಲನೆ ಹೊರಳಿಸಿ, ಒಡೆಯದಂತೆ ಬಿಡಿಸುವ ತಾಳ್ಮೆ ನಿಮ್ಮಲ್ಲಿದೆ. ಅದು ಸಣ್ಣ ಗುಣವಲ್ಲ. ಲೆಕ್ಕ ತಿಳಿಯದೆ ಕಣ್ಣೀರಿಡುವ ಮಗುವಿನ ಮುಂದೆ, ಮಾತು ಕಟ್ಟಿಹೋದ ತಂದೆಯ ಮುಂದೆ ಅದೇ ತಾಳ್ಮೆಯನ್ನು ಉಪಯೋಗಿಸಿ ನೋಡಿರಿ. ಸುಟ್ಟು ಬೂದಿಯಾಗುವ ಎಲೆಗಿಂತ ಅವರಿಗೆ ಅದರ ಅಗತ್ಯ ಹೆಚ್ಚು.