ಬೇಕೆಂದು ಪಡೆದ ಚಳಿ

ಬೇಕೆಂದೇ ಕಷ್ಟಪಡುವವನನ್ನು ಲೋಕ ಎರಡು ಬಗೆಯಾಗಿ ನೋಡುತ್ತದೆ. ಕೆಲವರಿಗೆ ಅವನು ತಪಸ್ವಿ. ಕೆಲವರಿಗೆ ಹೊಟ್ಟೆ ತುಂಬಿದವನು. ಏಕಾದಶಿಯಂದು ಉಪವಾಸವಿರುವ ಗೃಹಸ್ಥನ ಹಸಿವೂ ಅನ್ನವಿಲ್ಲದೆ ಮಲಗುವ ಕೂಲಿಯವನ ಹಸಿವೂ ಒಂದೇ ಎನ್ನೋಣವೆ? ಒಬ್ಬನಿಗೆ ದ್ವಾದಶಿಯ ಪಾರಣೆ ನಿಶ್ಚಿತ. ಮತ್ತೊಬ್ಬನ ಪಂಚಾಂಗದಲ್ಲಿ ದ್ವಾದಶಿಯೇ ಇಲ್ಲ. ಹಾಗಾದರೆ ವ್ರತದ ಹಸಿವು ಬರಿಯ ಆಟವೆ?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನಲ್ಲಿ. ತಿಪಟೂರು, ತುರುವೇಕೆರೆಗಳ ತೆಂಗಿನ ನೆರಳಿನಲ್ಲಿ ಬೆಳೆದವರಿಗೆ ಮದಲಿಂಗನ ಕಣಿವೆಯ ಆಚೀಚಿನ ಗುಡ್ಡಗಳು ಬೇರೊಂದು ದೇಶವೆಂದೇ ತೋರುತ್ತವೆ. ಕಬ್ಬಿಣದ ಅದಿರಿನಿಂದ ಕೆಂಪಾದ ಕಲ್ಲು, ಜಾಲಿ, ಕಾರೆಯ ಮುಳ್ಳು. ನೀರಿನ ಸುಳಿವು ಕಡಿಮೆ. 800 ಮೀಟರಿಗೂ ಮಿಕ್ಕ ಎತ್ತರ. ಹಗಲೆಲ್ಲ ಕಾದ ಬಂಡೆ ಧನುರ್ಮಾಸದ ರಾತ್ರಿಯಲ್ಲಿ ತನ್ನ ಕಾವನ್ನು ಬಯಲಿಗೆ ಬಿಟ್ಟು ಕೊರೆಯತೊಡಗುತ್ತದೆ.

ಅಲ್ಲಿಗೆ ಒಂದು ಸ್ಕೌಟ್ ದಳ ಬೆನ್ನಿಗೆ ಗಂಟು ಹೊತ್ತು ಒಂದು ರಾತ್ರಿಯ ಬಿಡಾರಕ್ಕೆ ಹೊರಟಾಗ, ಜೊತೆಗಿದ್ದ ಹಿರಿಯರಲ್ಲಿ ನಾನೂ ಒಬ್ಬ. ಬೆಂಕಿ ಆರುತ್ತ ಬಂದಂತೆ ಹುಡುಗರು ಒಬ್ಬರಿಗೊಬ್ಬರು ಒತ್ತಿಕೊಂಡರು. ಗಂಟೆ ಎಷ್ಟಾಯಿತೆಂದು ಕೇಳುವವರೇ ಎಲ್ಲರೂ. ಗುಡ್ಡದ ಬುಡದಲ್ಲಿ ಮಂದೆ ನಿಲ್ಲಿಸಿದ್ದ ಕುರಿಗಾಹಿಯೊಬ್ಬ ನಮ್ಮ ಬೆಂಕಿ ಕಂಡು ಹತ್ತಿ ಬಂದು, ಕಂಬಳಿಯ ಕೊಪ್ಪೆಯೊಳಗಿನಿಂದಲೇ ಕೇಳಿದ: “ಯಾಕ್ರಪ್ಪಾ, ಮನೇಲಿ ಜಗಳ ಆಡ್ಕಂಡು ಬಂದಿರಾ?”

ಹುಡುಗರು ನಕ್ಕರು. ಅವನು ನಗಲಿಲ್ಲ. ಮನೆಯಿದ್ದೂ ಬಂಡೆಯ ಮೇಲೆ ಮಲಗುವುದಕ್ಕೆ ಅವನಿಗೆ ಬೇರೆ ಕಾರಣ ಹೊಳೆಯಲಿಲ್ಲ. ಗೊಬ್ಬರಕ್ಕಾಗಿ ತೋಟದಿಂದ ತೋಟಕ್ಕೆ ಕುರಿ ತರುಬುತ್ತ ತಿಂಗಳುಗಟ್ಟಲೆ ಬಯಲಿನಲ್ಲೇ ರಾತ್ರಿ ಕಳೆಯುವವನು ಅವನು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವಾಗ ಆ ಚಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಪಕ್ಷವನ್ನೂ ನೋಡಬೇಕು. 1907ರಲ್ಲಿ ಬೇಡನ್-ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಮೊದಲ ಶಿಬಿರ ಹೂಡಿದಾಗ, ಸಿರಿವಂತರ ಶಾಲೆಯ ಹುಡುಗರನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ಕೂಡಿಹಾಕಿದ. 1950ರಲ್ಲಿ ರೂಪುಗೊಂಡ ನಮ್ಮ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ಪ್ರತಿಜ್ಞೆಯಲ್ಲಿಯೂ ದೇವರು, ದೇಶಗಳ ಜೊತೆಗೆ ಇತರರಿಗೆ ನೆರವಾಗುವ ಮಾತು ಸೇರಿದೆ. ಮೈ ಗಟ್ಟಿಮಾಡುವುದಷ್ಟೇ ಗುರಿಯಾಗಿದ್ದರೆ ಆ ಬೆರಕೆಯೂ ಬೇಕಿರಲಿಲ್ಲ, ಈ ಮಾತೂ ಬೇಕಿರಲಿಲ್ಲ.

ನನಗೆ ತೋರುವುದಿಷ್ಟು. ಬೇಕೆಂದು ಪಡೆದ ಕಷ್ಟ ಒರೆಗಲ್ಲೇ ಹೊರತು ಚಿನ್ನವಲ್ಲ. ಅದರಲ್ಲಿ ಅಪಾಯವೂ ಉಂಟು. ಒಂದು ರಾತ್ರಿ ನಡುಗಿದವನು ‘ಚಳಿಯೆಂದರೆ ಇಷ್ಟೇ, ಮನಸ್ಸು ಗಟ್ಟಿಯಿದ್ದರಾಯಿತು’ ಎಂದು ಬಡವನಿಗೇ ಉಪದೇಶ ಮಾಡಿಯಾನು. ಆಗ ವ್ರತ ಅಹಂಕಾರಕ್ಕೆ ತಿರುಗಿತು. ಬೆಳಗಾದರೆ ತನಗೆ ಬಿಸಿನೀರು ಕಾದಿದೆ, ಅವನಿಗಿಲ್ಲ ಎಂಬ ನೆನಪು ಉಳಿದರೆ ಮಾತ್ರ ಆ ನಡುಕ ಸಾರ್ಥಕ. ಎಂದೂ ನಡುಗದವನಿಗಾದರೋ ಪರರ ಚಳಿ ಬರಿಯ ಶಬ್ದ. ಮಡುವಿನ ಆಳ ತಿಳಿಯದಿದ್ದರೂ ನೀರು ತಣ್ಣಗಿದೆಯೆಂಬುದನ್ನು ಇಳಿಬಿಟ್ಟ ಪಾದವಾದರೂ ಬಲ್ಲದು.

ಆದ್ದರಿಂದ ಇಂಥ ರಾತ್ರಿಗಳನ್ನು ಕಳೆದು ಬಂದ ಮಕ್ಕಳನ್ನು ತಾಯಿತಂದೆಗಳು ‘ಎಷ್ಟು ದೂರ ನಡೆದೆ?’ ಎಂದು ಕೇಳಿದರೆ ಸಾಲದು. ‘ಅಲ್ಲಿ ಯಾರಿದ್ದರು?’ ಎಂದೂ ಕೇಳಬೇಕು.