ಉತ್ತರ ಹೊರಟಾಗಿದೆ

ಇವತ್ತಿನ ವಾಕ್ಯಭಾಗ ದಾನಿಯೇಲ 10ನೇ ಅಧ್ಯಾಯ, 12 ಮತ್ತು 13ನೇ ವಚನ.

ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದ ಬೆಂಗಳೂರಿಗೆ ಹೋಗುವಾಗ ಬಿಡದಿ ದಾಟುತ್ತೀರಲ್ಲ? ಅಲ್ಲಿಂದ ಒಳಗೆ ಹೋದರೆ ಬ್ಯಾಲಾಳು. ಇಸ್ರೋದ 32 ಮೀಟರ್ ಅಗಲದ ಆಂಟೆನಾ ಅಲ್ಲಿದೆ. 2014ರಲ್ಲಿ ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನ, ಒಂದು ಸಂದೇಶ ಮುಟ್ಟೋಕೆ ಸುಮಾರು 12 ನಿಮಿಷ ಬೇಕಿತ್ತು.

ಇನ್ನೂ ದೂರ ಹೋಗೋಣ. ನಾಸಾದ ವಾಯೇಜರ್ 2 ನೌಕೆ 1977ರಲ್ಲಿ ಹೊರಟು ನೆಪ್ಚೂನನ್ನೂ ದಾಟಿ ಹೋಗಿದೆ. 2023ರ ಜುಲೈನಲ್ಲಿ ಇಲ್ಲಿಂದಲೇ ಹೋದ ಒಂದು ತಪ್ಪು ಆದೇಶದಿಂದ ಅದರ ಆಂಟೆನಾ ಭೂಮಿಯ ಕಡೆಯಿಂದ ಬರೀ 2 ಡಿಗ್ರಿ ಆಚೆ ತಿರುಗಿತು. ಅಷ್ಟಕ್ಕೇ ಮಾತು ನಿಂತುಹೋಯಿತು! ಆಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ದೊಡ್ಡ ಆಂಟೆನಾದಿಂದ, ಕೂಗಿ ಕರೆದ ಹಾಗೆ, "ಈ ಕಡೆ ತಿರುಗು" ಅಂತ ಆದೇಶ ಕಳಿಸಿದರು. ಮುಟ್ಟೋಕೆ ಹದಿನೆಂಟೂವರೆ ಗಂಟೆ, ಉತ್ತರ ಬರೋಕೆ ಮತ್ತೆ ಅಷ್ಟೇ. ಒಟ್ಟು 37 ಗಂಟೆ ಕಾದರು. ಆಗಸ್ಟ್ 4ರಂದು ಉತ್ತರ ಬಂತು.

ಇದನ್ನು ಗಮನಿಸಿ. ಆ ಕೊನೆಯ ಹದಿನೆಂಟೂವರೆ ಗಂಟೆ ಇಲ್ಲಿ ಕೂತವರಿಗೆ ಏನೂ ಕೇಳಿಸಲಿಲ್ಲ. ಆದರೆ ಅಲ್ಲಿ ನೌಕೆ ಆಗಲೇ ತಿರುಗಿ ಆಗಿತ್ತು! ಉತ್ತರ ದಾರಿಯಲ್ಲಿತ್ತು.

ದಾನಿಯೇಲನೂ 21 ದಿನ ಕಾದ. ದೇವದೂತ ಬಂದು ಹೇಳಿದ್ದೇನು? ಮೊದಲನೆಯ ದಿನವೇ ನಿನ್ನ ಪ್ರಾರ್ಥನೆ ಕೇಳಲ್ಪಟ್ಟಿತು ಅಂತ. ತಡವಾಗಿದ್ದು ದೇವರು ದೂರ ಇದ್ದದ್ದಕ್ಕಲ್ಲ, ನಡುವೆ ಹೋರಾಟ ಇತ್ತು. ನಮ್ಮ ಕರ್ತನು ನಕ್ಷತ್ರದ ಆಚೆ ಇಲ್ಲ ಪ್ರಿಯರೇ, ಉಸಿರಿಗಿಂತ ಹತ್ತಿರ ಇದ್ದಾನೆ.

ಒಂದು ಸಾಕ್ಷಿ ಹೇಳ್ತೀನಿ, ಇದು ಜಯದ ಸಾಕ್ಷಿ ಅಲ್ಲ. ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯೋ ನಮ್ಮಪ್ಪನ ಕುಡಿತ ಬಿಡಲಿ ಅಂತ ಹನ್ನೊಂದು ವರ್ಷ ಪ್ರಾರ್ಥಿಸಿದೆ. ಹೋದ ವರ್ಷ ಸುಮ್ಮನೆ ನಿಲ್ಲಿಸಿಬಿಟ್ಟೆ. ನಿಮಗೆಲ್ಲ "ಬಿಡಬೇಡಿ" ಅಂತ ಬೋಧಿಸುತ್ತಾ ನಾನೇ ಬಿಟ್ಟೆ. ಫೋನ್ ಮಾಡೋದನ್ನೂ ಕಡಿಮೆ ಮಾಡಿದೆ. ತಿರುಗಿದ್ದು ಅಪ್ಪ ಒಬ್ಬರೇ ಅಲ್ಲ, 2 ಡಿಗ್ರಿ ನಾನೂ ತಿರುಗಿದ್ದೆ. ಈ ವಾರ ಮತ್ತೆ ಮೊಣಕಾಲೂರಿದೆ, ಅಪ್ಪನಿಗೆ ಫೋನೂ ಮಾಡಿದೆ. ಅಪ್ಪ ಇನ್ನೂ ಕುಡೀತಾರೆ. ಆದರೂ ಕಾಯ್ತೀನಿ.

ನೀವು ಯಾರಿಗೋಸ್ಕರ ಪ್ರಾರ್ಥಿಸೋದು ನಿಲ್ಲಿಸಿದ್ದೀರಿ? ಆ ಹೆಸರನ್ನು ಈಗಲೇ ಕರ್ತನ ಮುಂದೆ ಹೇಳಿ. ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ. ಆಮೆನ್.